ಮಂದಗತಿಯ ಗಣಕ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನಲ್ಲಿ, ಕರ್ನಾಟಕ ಮತ್ತು ಗೋವೆಗಳ ಗಡಿಗೆ ಹೊಂದಿಕೊಂಡು ಅನಮೋಡ ಎಂಬ ಸಣ್ಣ ಊರಿದೆ. ಬೆಳಗಾವಿಯಿಂದ ಖಾನಾಪುರ, ರಾಮನಗರಗಳ ಮಾರ್ಗವಾಗಿ ಬರುವ ಹೆದ್ದಾರಿಯು ಈ ಊರನ್ನು ದಾಟಿ, ಸಹ್ಯಾದ್ರಿಯ ದಟ್ಟವಾದ ಕಾಡಿನ ನಡುವೆ ಘಟ್ಟವನ್ನಿಳಿದು ಗೋವೆಯ ಮೋಲೆಂ ತಲಪುತ್ತದೆ. ಗಡಿಯ ಬಳಿ ವಾಹನಗಳನ್ನು ನಿಲ್ಲಿಸಿ ಪರೀಕ್ಷಿಸುವ ತನಿಖಾ ಠಾಣೆಯೊಂದಿದೆ. ಲಾರಿಗಳ ಸಾಲೊಂದು ಅಲ್ಲಿ ನಿಂತಿದೆಯೆಂದು ಭಾವಿಸೋಣ. ಹಿಂದಿರುವ ಲಾರಿಯ ಎಂಜಿನು ಎಷ್ಟೇ ಬಲಶಾಲಿಯಾಗಿರಲಿ, ಮುಂದಿರುವ ಹೆದ್ದಾರಿ ಎಷ್ಟೇ ಅಗಲವಾಗಿರಲಿ, ಒಂದು ಗಂಟೆಗೆ ಎಷ್ಟು ವಾಹನಗಳು ಗಡಿಯನ್ನು ದಾಟಬಲ್ಲವೆಂಬುದನ್ನು ನಿರ್ಧರಿಸುವುದು ಆ ಠಾಣೆಯ ಕಂಬಿಯೇ. ಸಾಲು ಬೇಗ ಸಾಗಬೇಕೆಂದು ಲಾರಿಗೆ ಹೊಸ ಎಂಜಿನನ್ನು ಕೂಡಿಸುವವನನ್ನು ನಾವು ಜಾಣನೆಂದು ಕರೆಯಲಾರೆವು.

ನಿಧಾನಗೊಂಡ ಲ್ಯಾಪ್‌ಟಾಪಿನ ವಿಷಯದಲ್ಲಿ ಅನೇಕರು ಮಾಡುವುದು ಇದನ್ನೇ. ಯಂತ್ರವು ಎಲ್ಲಿ ತಡೆಯುತ್ತಿದೆಯೆಂಬುದನ್ನು ನೋಡದೆ, ಅದಕ್ಕೆ ವಯಸ್ಸಾಯಿತೆಂದು ಮೂಲೆಗೆ ಸರಿಸುತ್ತಾರೆ. ಇಲ್ಲವೆ ಬೇಡದ ಭಾಗಕ್ಕೆ ಹಣವನ್ನು ಸುರಿಯುತ್ತಾರೆ. ಯಂತ್ರದ ಮಂದಗತಿಗೆ ಕಾರಣವಿರುತ್ತದೆ. ಆ ಕಾರಣವನ್ನು ಸಾಮಾನ್ಯವಾಗಿ ಕಂಡುಹಿಡಿಯಬಹುದು. ಹಾಗೆ ಕಂಡುಹಿಡಿಯುವ ಬಗೆಯನ್ನೂ, ಅದಕ್ಕೆ ತಕ್ಕ ಉಪಾಯಗಳನ್ನೂ ಈ ಪಾಠದಲ್ಲಿ ತಿಳಿಯೋಣ.

ಈ ತಿಳಿವಳಿಕೆ ನಮಗೆ ಏಕೆ ಬೇಕು? 2020ರಲ್ಲಿ ಕೋವಿಡ್ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ, ಮಲೆನಾಡಿನ ಅನೇಕ ಮಕ್ಕಳು ಸಂಪರ್ಕ ಸಿಗುವ ಸ್ಥಳವನ್ನು ಅರಸುತ್ತ ಗುಡ್ಡವನ್ನೇರಿ ಕುಳಿತು ಪಾಠವನ್ನು ಕೇಳಬೇಕಾಯಿತು. ಆ ಕಾಲದ ಸುಮಾರಿಗೆ ಕರ್ನಾಟಕ ಸರ್ಕಾರವು ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪುಗಳನ್ನು ಉಚಿತವಾಗಿ ಹಂಚಿತು. ಹೀಗೆ ಮೊದಲ ಬಾರಿಗೆ ಗಣಕಯಂತ್ರವನ್ನು ಕಂಡ ಮನೆಗಳು ಹಲವು. ಅಕ್ಕನು ಓದಿ ಮುಗಿಸಿದ ಮೇಲೆ ತಮ್ಮನಿಗೂ, ತಮ್ಮನ ಬಳಿಕ ನೆರೆಮನೆಯ ಹುಡುಗನಿಗೂ ಅದೇ ಯಂತ್ರವು ಒದಗಬೇಕು. ಅದು ಕೆಟ್ಟರೆ ಇನ್ನೊಂದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಅನಮೋಡದಂತಹ ಕಾಡಿನ ಊರಿನಲ್ಲಿರುವವರಿಗೆ ದುರಸ್ತಿಗಾಗಿ ದೂರದ ಪೇಟೆಗೆ ಹೋಗಿಬರುವುದೆಂದರೆ ಒಂದು ದಿನದ ದುಡಿಮೆ ಹೋದಂತೆಯೇ ಸರಿ. ಆದುದರಿಂದ ಯಂತ್ರದ ಆರೈಕೆಯ ಅರಿವು ಇಂತಹ ಮನೆಗಳಿಗೆ ಬಹಳ ಅಗತ್ಯ.

ಲ್ಯಾಪ್‌ಟಾಪಿನ ಒಳಗೆ ಮುಖ್ಯವಾದ ಮೂರು ಅಂಗಗಳಿವೆ. ಲೆಕ್ಕವನ್ನು ಮಾಡುವುದು ಪ್ರೊಸೆಸರ್. ಕಡತಗಳನ್ನೂ ಚಿತ್ರಗಳನ್ನೂ ಶಾಶ್ವತವಾಗಿ ಇರಿಸುವುದು ಸಂಗ್ರಹ. ಇವೆರಡರ ನಡುವೆ, ಸದ್ಯದ ಕೆಲಸಕ್ಕೆ ಬೇಕಾದುದನ್ನು ಮಾತ್ರ ಹಿಡಿದಿಡುವ ತಾತ್ಕಾಲಿಕ ಸ್ಮೃತಿಯಿದೆ. ಇದನ್ನು ರ‍್ಯಾಮ್ ಎಂದು ಕರೆಯುತ್ತಾರೆ. ಗ್ರಂಥಾಲಯದಲ್ಲಿ ಓದುತ್ತಿರುವ ವಿದ್ಯಾರ್ಥಿಯನ್ನು ನೆನೆಯಿರಿ. ವಿದ್ಯಾರ್ಥಿಯೇ ಪ್ರೊಸೆಸರ್, ಅವನ ಮುಂದಿರುವ ಮೇಜು ರ‍್ಯಾಮ್, ಗೋಡೆಯ ಕಪಾಟುಗಳು ಸಂಗ್ರಹ. ಮೇಜಿನ ಮೇಲಿರುವ ಪುಸ್ತಕವು ಕೈಚಾಚಿದೊಡನೆ ಸಿಗುತ್ತದೆ. ಮೇಜು ತುಂಬಿಹೋದರೆ ಒಂದು ಪುಸ್ತಕವನ್ನು ಕಪಾಟಿಗೆ ಹಿಂದಿರುಗಿಸಿಯೇ ಮತ್ತೊಂದನ್ನು ತರಬೇಕು. ಓದುವವನು ಎಷ್ಟೇ ಚುರುಕಾಗಿದ್ದರೂ ಅವನ ಹೊತ್ತೆಲ್ಲ ಓಡಾಟದಲ್ಲಿಯೇ ಕಳೆಯುತ್ತದೆ.

ಈ ಓಡಾಟದ ಬೆಲೆಯನ್ನು ಅಂಕಿಗಳಲ್ಲಿ ನೋಡೋಣ. ರ‍್ಯಾಮಿನಿಂದ ಒಂದು ಅಂಶವನ್ನು ತರಲು ಸುಮಾರು ಒಂದು ಸೆಕೆಂಡಿನ ಕೋಟಿಯಲ್ಲಿ ಒಂದು ಭಾಗದಷ್ಟು ಕಾಲ ಸಾಕು. ಹಳೆಯ ಲ್ಯಾಪ್‌ಟಾಪುಗಳಲ್ಲಿರುವ ಹಾರ್ಡ್ ಡಿಸ್ಕ್ ಎಂಬುದು ತಿರುಗುವ ತಟ್ಟೆ. ಅದು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಬೇಕಾದ ಅಂಶವು ಓದುವ ಮುಳ್ಳಿನ ಕೆಳಗೆ ಬರುವವರೆಗೆ ಕಾಯಲೇಬೇಕು. ಇದಕ್ಕೆ ಒಂದು ಸೆಕೆಂಡಿನ ನೂರರಲ್ಲಿ ಒಂದು ಭಾಗ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಇದು ರ‍್ಯಾಮಿಗೆ ಹಿಡಿಯುವ ಕಾಲದ ಒಂದು ಲಕ್ಷ ಪಟ್ಟು! ರ‍್ಯಾಮಿನಿಂದ ತರಲು ಒಂದು ಸೆಕೆಂಡು ಹಿಡಿಯುತ್ತದೆಂದು ಕಲ್ಪಿಸಿಕೊಂಡರೆ, ಹಾರ್ಡ್ ಡಿಸ್ಕಿನಿಂದ ತರಲು 27 ಗಂಟೆಗಳಿಗೂ ಮಿಕ್ಕಿ ಕಾಯಬೇಕಾಗುತ್ತದೆ. ಈಚಿನ ಯಂತ್ರಗಳಲ್ಲಿ ತಟ್ಟೆಗೆ ಬದಲಾಗಿ ಎಸ್‌ಎಸ್‌ಡಿ ಎಂಬ ಸಂಗ್ರಹವಿರುತ್ತದೆ. ಇದರಲ್ಲಿ ತಿರುಗುವ ಭಾಗವೇ ಇಲ್ಲ, ಎಲ್ಲವೂ ವಿದ್ಯುನ್ಮಾನ. ಅದೇ ಅಳತೆಯಲ್ಲಿ ಇದರಿಂದ ತರಲು ಸುಮಾರು 17 ನಿಮಿಷ ಸಾಕು.

ಒಂದು ಅಂಗವನ್ನು ಮಾತ್ರ ವೇಗಗೊಳಿಸಿದರೆ ಇಡೀ ಕೆಲಸದ ವೇಗ ಎಷ್ಟು ಹೆಚ್ಚುತ್ತದೆ? ಅಮೆರಿಕದ ಎಂಜಿನಿಯರ್ ಜೀನ್ ಆಮ್‌ಡಾಲ್ 1967ರಲ್ಲಿ ಈ ಪ್ರಶ್ನೆಯನ್ನು ವಿವೇಚಿಸಿದನು. ಅವನ ವಿಚಾರವು ಇಂದು ಆಮ್‌ಡಾಲ್ ನಿಯಮವೆಂದು ಪ್ರಸಿದ್ಧವಾಗಿದೆ. ಬದಲಾಯಿಸದೆ ಉಳಿದ ಭಾಗವು ಇಡೀ ಕೆಲಸದ ವೇಗಕ್ಕೆ ಮಿತಿಯನ್ನು ಹಾಕುತ್ತದೆ ಎಂಬುದು ಅದರ ತಿರುಳು. ಉದಾಹರಣೆಗೆ, ಒಂದು ಕೆಲಸಕ್ಕೆ 10 ನಿಮಿಷ ಬೇಕೆಂದಿಟ್ಟುಕೊಳ್ಳೋಣ. ಅದರಲ್ಲಿ 8 ನಿಮಿಷ ಸಂಗ್ರಹಕ್ಕಾಗಿ ಕಾಯುವುದರಲ್ಲಿಯೂ, 2 ನಿಮಿಷ ಲೆಕ್ಕದಲ್ಲಿಯೂ ಕಳೆಯುತ್ತವೆ. ಎರಡು ಪಟ್ಟು ವೇಗದ ಪ್ರೊಸೆಸರನ್ನು ತಂದರೆ ಲೆಕ್ಕವು 1 ನಿಮಿಷಕ್ಕೆ ಇಳಿಯುತ್ತದೆ. ಆದರೂ ಒಟ್ಟು 9 ನಿಮಿಷ ಬೇಕೇ ಬೇಕು. ಪ್ರೊಸೆಸರನ್ನು ಹಾಗೆಯೇ ಬಿಟ್ಟು, ಹತ್ತು ಪಟ್ಟು ವೇಗದ ಸಂಗ್ರಹವನ್ನು ಅಳವಡಿಸಿದರೆ 8 ನಿಮಿಷವು 48 ಸೆಕೆಂಡಿಗೆ ಇಳಿದು, ಇಡೀ ಕೆಲಸವು 2 ನಿಮಿಷ 48 ಸೆಕೆಂಡುಗಳಲ್ಲಿ ಮುಗಿಯುತ್ತದೆ. ಅಡ್ಡಿ ಇರುವ ಸ್ಥಳವನ್ನು ಮೊದಲು ಗುರುತಿಸಬೇಕೆಂಬ ಮಾತಿನ ಮಹತ್ತ್ವ ಇದರಿಂದ ಸ್ಪಷ್ಟವಾಗುತ್ತದೆ.

ಹಾಗೆ ಗುರುತಿಸುವುದು ಕಠಿಣವೇನಲ್ಲ. ವಿಂಡೋಸ್ ವ್ಯವಸ್ಥೆಯಿರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬ ಫಲಕವು ತೆರೆಯುತ್ತದೆ. ಪ್ರೊಸೆಸರ್, ಸ್ಮೃತಿ, ಡಿಸ್ಕ್ ಇವು ನೂರಕ್ಕೆ ಎಷ್ಟು ಪಾಲು ದುಡಿಯುತ್ತಿವೆಯೆಂಬುದನ್ನು ಅದು ತೋರಿಸುತ್ತದೆ. ಯಂತ್ರವು ನಿಧಾನವಾಗಿರುವ ಹೊತ್ತಿನಲ್ಲಿಯೇ ಇದನ್ನು ನೋಡಬೇಕು. ಡಿಸ್ಕಿನ ಅಂಕಿಯು ಬಹಳ ಹೊತ್ತು ನೂರರ ಬಳಿ ನಿಂತಿದ್ದರೆ ಅಡ್ಡಿಯು ಸಂಗ್ರಹದಲ್ಲಿದೆ. ಸ್ಮೃತಿಯ ಅಂಕಿಯು ತೊಂಬತ್ತನ್ನು ಮೀರಿದ್ದರೆ ಮೇಜು ತುಂಬಿದೆಯೆಂದು ಅರ್ಥ. ಪ್ರೊಸೆಸರೇ ನೂರರಲ್ಲಿದ್ದರೆ ಯಾವುದೋ ಒಂದು ತಂತ್ರಾಂಶವು ಅದನ್ನು ಬಿಡುವಿಲ್ಲದೆ ದುಡಿಸುತ್ತಿದೆ. ಆ ತಂತ್ರಾಂಶದ ಹೆಸರೂ ಫಲಕದಲ್ಲಿಯೇ ಕಾಣುತ್ತದೆ. ಮೂರೂ ಅಂಕಿಗಳು ಕಡಿಮೆಯಿದ್ದು ಜಾಲತಾಣಗಳು ಮಾತ್ರ ನಿಧಾನವಾಗಿ ತೆರೆದುಕೊಳ್ಳುತ್ತಿದ್ದರೆ, ತಪ್ಪು ಲ್ಯಾಪ್‌ಟಾಪಿನದಲ್ಲ. ಅಂತರಜಾಲದ ಸಂಪರ್ಕವೇ ದುರ್ಬಲವಾಗಿದೆ. ಕಾಡಿನ ಊರುಗಳಲ್ಲಿ ಈ ಭೇದವನ್ನು ತಿಳಿದಿರುವುದು ವಿಶೇಷವಾಗಿ ಅಗತ್ಯ.

ಕಾರಣವು ತಿಳಿದ ಮೇಲೆ ಪರಿಹಾರದ ಪ್ರಶ್ನೆ ಬರುತ್ತದೆ. ಇದಕ್ಕೂ ಅನಮೋಡದ ನೆರೆಯಲ್ಲಿಯೇ ಒಂದು ನಿದರ್ಶನವಿದೆ. ಸಮೀಪದ ಕ್ಯಾಸಲ್‌ರಾಕ್ ನಿಲ್ದಾಣದಿಂದ ಗೋವೆಯ ಕುಳೆಂವರೆಗೆ ರೈಲುದಾರಿಯು ಘಟ್ಟವನ್ನಿಳಿಯುತ್ತದೆ. ಅಲ್ಲಿಯ ಏರು 37ಕ್ಕೆ 1ರಷ್ಟು. ಎಂದರೆ 37 ಅಡಿ ಮುಂದೆ ಸಾಗುವಷ್ಟರಲ್ಲಿ ದಾರಿಯು ಒಂದು ಅಡಿ ಎತ್ತರಕ್ಕೇರುತ್ತದೆ. ಬಯಲಿನಲ್ಲಿ ಸಲೀಸಾಗಿ ಓಡುವ ರೈಲಿಗೂ ಇಲ್ಲಿ ಹೆಚ್ಚಿನ ಎಂಜಿನುಗಳ ಆಸರೆ ಬೇಕು. ಏರುದಾರಿಯಲ್ಲಿ ಬಳಲುವ ಬಂಡಿಗೆ ಇರುವ ಉಪಾಯಗಳು ಎರಡೇ: ಭಾರವನ್ನು ಇಳಿಸುವುದು, ಇಲ್ಲವೆ ಬಲವನ್ನು ಸೇರಿಸುವುದು. ಭಾರವನ್ನಿಳಿಸಲು ಹಣ ಬೇಡ. ಆದುದರಿಂದ ಅದೇ ಮೊದಲಾಗಬೇಕು.

ಗಣಕಕ್ಕೆ ಅನಗತ್ಯವಾದ ಭಾರ ಯಾವುದು? ಯಂತ್ರವನ್ನು ಚಾಲನೆಗೊಳಿಸಿದೊಡನೆ ನಮ್ಮ ಅಪ್ಪಣೆಗೆ ಕಾಯದೆ ತಾವಾಗಿಯೇ ಎದ್ದು ಕೂರುವ ತಂತ್ರಾಂಶಗಳು ಮೊದಲನೆಯವು. ಟಾಸ್ಕ್ ಮ್ಯಾನೇಜರಿನಲ್ಲಿಯೇ ಸ್ಟಾರ್ಟಪ್ ಎಂಬ ವಿಭಾಗದಲ್ಲಿ ಇವುಗಳ ಪಟ್ಟಿಯಿರುತ್ತದೆ. ಬೇಡವಾದವನ್ನು ಅಲ್ಲಿ ತಡೆಹಿಡಿಯಬಹುದು. ವೈರಸ್ ನಿರೋಧಕವನ್ನು ಮಾತ್ರ ಮುಟ್ಟಬಾರದು. ಹೆಸರು ತಿಳಿಯದ ತಂತ್ರಾಂಶವನ್ನು ಬಲ್ಲವರನ್ನು ಕೇಳದೆ ತೆಗೆಯುವುದೂ ತರವಲ್ಲ. ಎರಡನೆಯದು, ಜಾಲವೀಕ್ಷಕದಲ್ಲಿ ಏಕಕಾಲದಲ್ಲಿ ತೆರೆದಿಟ್ಟ ಹತ್ತಾರು ಪುಟಗಳು. ಪ್ರತಿಯೊಂದು ಪುಟವೂ ರ‍್ಯಾಮಿನಲ್ಲಿ ತನ್ನ ಪಾಲನ್ನು ಹಿಡಿದಿರುತ್ತದೆ. ಓದಿ ಮುಗಿದುದನ್ನು ಮುಚ್ಚಬೇಕು. ಮೂರನೆಯದು, ತುಂಬಿ ತುಳುಕುವ ಸಂಗ್ರಹ. ವ್ಯವಸ್ಥೆಯು ತನ್ನ ತಾತ್ಕಾಲಿಕ ಕಡತಗಳನ್ನು ಬರೆಯಲು ಬರಿದಾದ ಜಾಗವನ್ನು ಬೇಡುತ್ತದೆ. ಆದುದರಿಂದ ಒಟ್ಟು ಜಾಗದ ಐದನೆಯ ಒಂದು ಭಾಗವನ್ನಾದರೂ ಖಾಲಿ ಬಿಡುವುದು ಒಳ್ಳೆಯ ರೂಢಿ. ನಾಲ್ಕನೆಯದು, ಕಳ್ಳಮಾರ್ಗದಿಂದ ಒಳಸೇರಿ ಯಂತ್ರದ ಶಕ್ತಿಯನ್ನು ತಮ್ಮ ಒಡೆಯರಿಗಾಗಿ ಕಬಳಿಸುವ ದುಷ್ಟ ತಂತ್ರಾಂಶಗಳು. ಇವನ್ನು ಪತ್ತೆಮಾಡಲು ವಿಂಡೋಸಿನಲ್ಲಿಯೇ ಇರುವ ನಿರೋಧಕವು ಸಾಮಾನ್ಯ ಬಳಕೆಗೆ ಸಾಕು. ಒಂದೇ ಕ್ಷಣದಲ್ಲಿ ಗಣಕದ ವೇಗವನ್ನು ಹತ್ತು ಪಟ್ಟು ಹೆಚ್ಚಿಸುವೆವೆಂದು ಜಾಹೀರಾತು ನೀಡುವ ತಂತ್ರಾಂಶಗಳನ್ನು ನಂಬಬಾರದು. ಅವುಗಳಲ್ಲಿ ಅನೇಕವು ಸ್ವತಃ ಹೊರೆಯಾಗುತ್ತವೆ. ಕೆಲವು ಕೇಡನ್ನೇ ತರುತ್ತವೆ.

ಯಂತ್ರವನ್ನು ದಿನಗಟ್ಟಲೆ ನಿದ್ರಾಸ್ಥಿತಿಯಲ್ಲಿಯೇ ಇರಿಸದೆ, ಆಗಾಗ ಪೂರ್ಣವಾಗಿ ನಿಲ್ಲಿಸಿ ಪುನಃ ಆರಂಭಿಸುವುದೂ ಪ್ರಯೋಜನಕರ. ತಂತ್ರಾಂಶಗಳು ಬಳಸಿ ಬಿಟ್ಟುಕೊಡದಿದ್ದ ಸ್ಮೃತಿಯು ಆಗ ಬಿಡುಗಡೆಯಾಗುತ್ತದೆ. ಬ್ಯಾಟರಿಯನ್ನು ಉಳಿಸುವ ಸಲುವಾಗಿ ಯಂತ್ರವನ್ನು ಮಿತವ್ಯಯದ ಸ್ಥಿತಿಯಲ್ಲಿಟ್ಟು ಮರೆತಿದ್ದರೆ, ಪ್ರೊಸೆಸರ್ ಬೇಕೆಂದೇ ನಿಧಾನವಾಗಿ ನಡೆಯುತ್ತದೆ. ಇದನ್ನೂ ಗಮನಿಸಬೇಕು.

ಇಷ್ಟನ್ನು ಮಾಡಿಯೂ ಫಲ ಕಾಣದಿದ್ದರೆ ಬಲವನ್ನು ಸೇರಿಸಬೇಕು. ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರಕ್ಕೆ ಅದರ ಬದಲು ಎಸ್‌ಎಸ್‌ಡಿಯನ್ನು ಅಳವಡಿಸುವುದರಿಂದ ದೊರೆಯುವಷ್ಟು ಲಾಭವು ಸಾಮಾನ್ಯವಾಗಿ ಬೇರೆ ಯಾವುದರಿಂದಲೂ ದೊರೆಯದು. ಸ್ಮೃತಿಯು ಸದಾ ತುಂಬಿರುವ ಯಂತ್ರಕ್ಕೆ ರ‍್ಯಾಮನ್ನು ಹೆಚ್ಚಿಸಬೇಕು. 4 ಗಿಗಾಬೈಟ್ ಇರುವ ಯಂತ್ರವು ಇಂದಿನ ಜಾಲತಾಣಗಳ ಮುಂದೆ ಬಹುಬೇಗ ಸೋಲುತ್ತದೆ. 8 ಗಿಗಾಬೈಟಿಗೆ ಏರಿಸಿದರೆ ಓದುಬರಹದ ಕೆಲಸಕ್ಕೆ ಧಾರಾಳವಾಗಿ ಸಾಕು. ಕೆಲವು ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಈ ಭಾಗಗಳನ್ನು ಬೆಸುಗೆ ಹಾಕಿರುತ್ತಾರೆ, ಅವನ್ನು ಬದಲಾಯಿಸಲಾಗದು. ಆದಕಾರಣ ಮಾದರಿಯ ಹೆಸರನ್ನು ಬರೆದುಕೊಂಡು ಅಂಗಡಿಯಲ್ಲಿ ವಿಚಾರಿಸಿದ ಬಳಿಕವೇ ಹಣ ತೆರಬೇಕು. ಸಂಗ್ರಹವನ್ನು ಬದಲಿಸುವ ಮುನ್ನ ಬೇಕಾದ ಕಡತಗಳ ಪ್ರತಿಯನ್ನು ಬೇರೊಂದೆಡೆ ತೆಗೆದಿಡುವುದನ್ನು ಎಂದಿಗೂ ಮರೆಯಬಾರದು. ಯಂತ್ರವನ್ನು ಮರಳಿ ಕೊಳ್ಳಬಹುದು. ಅಳಿದುಹೋದ ಬರಹವನ್ನು ಕೊಳ್ಳಲಾಗದು.

ಉಷ್ಣವೂ ಮಂದಗತಿಗೆ ಒಂದು ಕಾರಣ. ಪ್ರೊಸೆಸರ್ ದುಡಿಯುವಾಗ ಬಿಸಿಯಾಗುತ್ತದೆ. ಸಣ್ಣ ಬೀಸಣಿಗೆಯೊಂದು ಆ ಬಿಸಿಯನ್ನು ಹೊರದೂಡುತ್ತದೆ. ಗಾಳಿಯ ದಾರಿಯಲ್ಲಿ ಧೂಳು ಕಟ್ಟಿಕೊಂಡರೆ ಬಿಸಿಯು ಒಳಗೇ ಉಳಿಯುತ್ತದೆ. ಉಷ್ಣತೆಯು 100 ಡಿಗ್ರಿ ಸೆಲ್ಸಿಯಸಿನ ಸಮೀಪಕ್ಕೆ ಬಂದಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗವನ್ನು ತಗ್ಗಿಸುತ್ತದೆ. ಆರಂಭದಲ್ಲಿ ಚುರುಕಾಗಿದ್ದು ಅರ್ಧ ಗಂಟೆಯ ಬಳಿಕ ಕುಂದುವ ಯಂತ್ರದಲ್ಲಿ ಇದೇ ಕಾರಣವನ್ನು ಶಂಕಿಸಬೇಕು. ಹಾಸಿಗೆ, ಕಂಬಳಿಗಳ ಮೇಲಿಟ್ಟರೆ ಗಾಳಿಯ ಕಿಂಡಿಗಳು ಮುಚ್ಚಿಹೋಗುತ್ತವೆ. ಮೇಜು ಇಲ್ಲವೆ ಮಣೆಯ ಮೇಲಿಟ್ಟು ಬಳಸಬೇಕು. ವರ್ಷಕ್ಕೊಮ್ಮೆ ಬಲ್ಲವರಿಂದ ಒಳಗಿನ ಧೂಳನ್ನು ತೆಗೆಸಬೇಕು.

ಅನಮೋಡದಂತಹ ಘಟ್ಟದ ಊರುಗಳಲ್ಲಿ ಮಳೆಗಾಲವು ಯಂತ್ರಕ್ಕೆ ಪರೀಕ್ಷೆಯ ಕಾಲ. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಬಟ್ಟೆ ಒಣಗುವುದಿಲ್ಲ. ಪುಸ್ತಕಗಳಿಗೂ ಬೂಷ್ಟು ಹಿಡಿಯುತ್ತದೆ. ಆ ತೇವವು ಲ್ಯಾಪ್‌ಟಾಪಿನ ಲೋಹದ ಸಂಪರ್ಕಗಳನ್ನೂ ಬಿಡುವುದಿಲ್ಲ. ಮಳೆಗಾಲವಿಡೀ ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚುವುದು ರಕ್ಷಣೆಯಲ್ಲ. ದಿನಕ್ಕೆ ಸ್ವಲ್ಪ ಹೊತ್ತಾದರೂ ಅದನ್ನು ನಡೆಸಿದರೆ ಒಳಗಿನ ಬಿಸಿಯು ತೇವವನ್ನು ಅಟ್ಟುತ್ತದೆ. ಹೊದಿಕೆಯ ಚೀಲದಲ್ಲಿ ತೇವವನ್ನು ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಡಬಹುದು. ಗುಡುಗು ಮಿಂಚು ಆರಂಭವಾದೊಡನೆ ಚಾರ್ಜರನ್ನು ಗೋಡೆಯಿಂದ ಬಿಡಿಸಿಡಬೇಕು. ಗುಂಡಿಯನ್ನು ಆರಿಸಿದರೆ ಮಾತ್ರ ಸಾಲದು. ನೀರು ಬಿದ್ದರೆ ಕೂಡಲೆ ವಿದ್ಯುತ್ತನ್ನು ಕಡಿದು, ಯಂತ್ರವನ್ನು ನಿಲ್ಲಿಸಿ, ಪೂರ್ತಿಯಾಗಿ ಒಣಗಿದ ಮೇಲೆ ಪರೀಕ್ಷೆ ಮಾಡಿಸಬೇಕು.

ಬ್ಯಾಟರಿಯನ್ನು ಕುರಿತು ಒಂದೆರಡು ಮಾತು. ಲಿಥಿಯಂ ಅಯಾನ್ ಬ್ಯಾಟರಿಯು ಬಿಸಿಯಲ್ಲಿ ಹಾಗೂ ಸದಾ ಪೂರ್ಣ ತುಂಬಿದ ಸ್ಥಿತಿಯಲ್ಲಿ ಬೇಗ ಮುಪ್ಪಾಗುತ್ತದೆ. ತುಂಬುವ ಮಿತಿಯನ್ನು 80ಕ್ಕೆ ನಿಲ್ಲಿಸುವ ಸೌಲಭ್ಯವು ಯಂತ್ರದಲ್ಲಿದ್ದರೆ ಅದನ್ನು ಬಳಸುವುದು ಲೇಸು. ಪದೇ ಪದೇ ಪೂರ್ತಿ ಬರಿದುಮಾಡುವುದೂ ಹಿತವಲ್ಲ. ಬ್ಯಾಟರಿಯು ಉಬ್ಬಿದಂತೆ ಕಂಡರೆ ಬಳಕೆಯನ್ನು ಆ ಕ್ಷಣವೇ ನಿಲ್ಲಿಸಬೇಕು. ಅದನ್ನು ಚುಚ್ಚಿದರೆ ಬೆಂಕಿ ಹತ್ತುವ ಅಪಾಯವಿದೆ.

ಯಂತ್ರವನ್ನು ಇಷ್ಟು ಜತನದಿಂದ ಕಾಪಾಡಿದರೂ ಅದು ವರ್ಷ ವರ್ಷಕ್ಕೆ ನಿಧಾನವಾದಂತೆ ತೋರುವುದುಂಟು. ಇದಕ್ಕೆ ಕಾರಣವು ಯಂತ್ರದ ಹೊರಗಿದೆ. ಸ್ವಿಟ್ಜರ್ಲೆಂಡಿನ ಗಣಕವಿಜ್ಞಾನಿ ನಿಕ್ಲಾಸ್ ವಿರ್ತ್ 1995ರಲ್ಲಿ ಬರೆದ ಲೇಖನವೊಂದರಲ್ಲಿ, ಯಂತ್ರಗಳ ವೇಗವು ಹೆಚ್ಚುವುದಕ್ಕಿಂತಲೂ ಶೀಘ್ರವಾಗಿ ತಂತ್ರಾಂಶಗಳು ಸ್ಥೂಲವಾಗಿ ನಿಧಾನಗೊಳ್ಳುತ್ತಿವೆಯೆಂದು ಎಚ್ಚರಿಸಿದನು. 1981ರಲ್ಲಿ ಮಾರುಕಟ್ಟೆಗೆ ಬಂದ ಆಸ್‌ಬಾರ್ನ್ 1 ಎಂಬ, ಹೊತ್ತೊಯ್ಯಬಹುದಾದ ಗಣಕದಲ್ಲಿ ಕೇವಲ 64 ಕಿಲೋಬೈಟ್ ಸ್ಮೃತಿಯಿತ್ತು. ಆದರೂ ಅದರಲ್ಲಿ ಪತ್ರ ಬರೆಯಬಹುದಾಗಿತ್ತು, ಲೆಕ್ಕಪತ್ರವನ್ನು ಇಡಬಹುದಾಗಿತ್ತು. ಇಂದಿನ ಒಂದು ಜಾಲಪುಟವು ಅದರ ಸಾವಿರ ಪಟ್ಟು ಸ್ಮೃತಿಯನ್ನು ಬೇಡುವುದು ಅಪರೂಪವೇನಲ್ಲ. ನಮ್ಮ ಯಂತ್ರವು ಮೊದಲಿದ್ದಂತೆಯೇ ಇದೆ. ಅದರ ಮೇಲೆ ಹೊರಿಸುವ ಹೊರೆಯು ಬೆಳೆದಿದೆ.

ಕೆಲವೊಮ್ಮೆ ಯಂತ್ರವು ಗಟ್ಟಿಯಾಗಿದ್ದರೂ ಅದರ ವ್ಯವಸ್ಥೆಯ ಕಾಲ ಮುಗಿದುಹೋಗುತ್ತದೆ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಅದರ ನಂತರದ ವಿಂಡೋಸ್ 11 ಹಳೆಯ ಪ್ರೊಸೆಸರುಗಳಿರುವ ಬಹುಸಂಖ್ಯೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಅಂತಹ ಯಂತ್ರಗಳಿಗೆ ಲಿನಕ್ಸ್ ಒಂದು ದಾರಿ. ಫಿನ್‌ಲೆಂಡಿನ ವಿದ್ಯಾರ್ಥಿಯಾಗಿದ್ದ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಇದನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಇದರ ಹಗುರವಾದ ಆವೃತ್ತಿಗಳು ಹಳೆಯ ಲ್ಯಾಪ್‌ಟಾಪುಗಳಲ್ಲಿಯೂ ಸರಾಗವಾಗಿ ನಡೆಯುತ್ತವೆ. ಕನ್ನಡದಲ್ಲಿ ಓದಲೂ ಬರೆಯಲೂ ಅವುಗಳಲ್ಲಿ ಅನುಕೂಲವಿದೆ. ನೆರೆಯ ಕೇರಳ ರಾಜ್ಯವು ತನ್ನ ಸರ್ಕಾರಿ ಶಾಲೆಗಳಲ್ಲಿ ಇಂತಹ ಸ್ವತಂತ್ರ ತಂತ್ರಾಂಶವನ್ನೇ ಬಳಸುತ್ತಿದೆ.

ಹಳೆಯ ಯಂತ್ರವನ್ನು ಎಸೆದರೆ ಅದು ಎಲ್ಲಿಗೆ ಹೋಗುತ್ತದೆಂಬುದನ್ನೂ ನಾವು ಯೋಚಿಸಬೇಕು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಾದ್ಯಂತ 6.2 ಕೋಟಿ ಟನ್ ವಿದ್ಯುನ್ಮಾನ ಕಸವು ಉತ್ಪತ್ತಿಯಾಯಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದುದು ನೂರಕ್ಕೆ 22.3ರಷ್ಟು ಮಾತ್ರ. ಇಂತಹ ಕಸದಲ್ಲಿ ಸೀಸವೇ ಮೊದಲಾದ ವಿಷವಸ್ತುಗಳಿರುತ್ತವೆ. ಅವು ಮಣ್ಣನ್ನೂ ನೀರನ್ನೂ ಕೆಡಿಸುತ್ತವೆ. ಕಾಳಿ ನದಿಯ ಕಣಿವೆಯಂತಹ ಕಾಡುನಾಡಿನಲ್ಲಿ ವಾಸಿಸುವವರಿಗೆ ಇದರ ಗಂಭೀರತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಲ್ಯಾಪ್‌ಟಾಪು ಇನ್ನೂ ಮೂರು ನಾಲ್ಕು ವರ್ಷ ಬಾಳಿದರೆ, ಅಷ್ಟು ಕಾಲ ಅದು ಕಸವಾಗುವುದು ತಪ್ಪುತ್ತದೆ. ಇನ್ನೊಂದು ಮಗುವಿನ ಓದಿಗೂ ಅದು ಒದಗುತ್ತದೆ.

ಎತ್ತು ಕುಂಟಿದರೆ ರೈತನು ಅದನ್ನು ಮಾರಲು ಅವಸರಪಡುವುದಿಲ್ಲ. ಗೊರಸನ್ನೆತ್ತಿ ಮುಳ್ಳು ಚುಚ್ಚಿದೆಯೇ ಎಂದು ನೋಡುತ್ತಾನೆ. ಯಂತ್ರದ ಬಗೆಗೂ ನಮ್ಮಲ್ಲಿ ಇರಬೇಕಾದುದು ಅದೇ ದೃಷ್ಟಿ. ಅಳೆದು ನೋಡುವುದು, ಕಾರಣವನ್ನು ಅರಿಯುವುದು, ವೆಚ್ಚವಿಲ್ಲದ ಉಪಾಯವನ್ನು ಮೊದಲು ಪ್ರಯತ್ನಿಸುವುದು, ಬಳಿಕ ಫಲವನ್ನು ಮತ್ತೆ ಅಳೆಯುವುದು: ಈ ಕ್ರಮವು ಲ್ಯಾಪ್‌ಟಾಪಿಗೆ ಮಾತ್ರವಲ್ಲದೆ ಪಂಪುಸೆಟ್ಟಿಗೂ ಸೈಕಲ್ಲಿಗೂ ಸಲ್ಲುತ್ತದೆ. ವಿಜ್ಞಾನವೆಂಬುದು ದೂರದ ಪ್ರಯೋಗಶಾಲೆಗಳಲ್ಲಿ ಮಾತ್ರ ಇರುವಂಥದಲ್ಲ. ಮನೆಯ ಮೇಜಿನ ಮೇಲಿರುವ ಹಳೆಯ ಯಂತ್ರದ ಮುಂದೆ ತಾಳ್ಮೆಯಿಂದ ಕುಳಿತವನಿಗೂ ಅದು ತನ್ನ ಪಾಠವನ್ನು ಕಲಿಸುತ್ತದೆ.

ಅಭ್ಯಾಸ

ಅ) ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿರಿ.
1. ರ‍್ಯಾಮನ್ನು ಪಾಠದಲ್ಲಿ ಯಾವುದಕ್ಕೆ ಹೋಲಿಸಲಾಗಿದೆ?
2. ಆಮ್‌ಡಾಲ್ ನಿಯಮದ ತಿರುಳೇನು?
3. ಯಂತ್ರವು ಬಿಸಿಯಾದಾಗ ಪ್ರೊಸೆಸರ್ ತನ್ನ ವೇಗವನ್ನು ತಗ್ಗಿಸುವುದೇಕೆ?

ಆ) ಏಳೆಂಟು ವಾಕ್ಯಗಳಲ್ಲಿ ಉತ್ತರಿಸಿರಿ.
1. ಲ್ಯಾಪ್‌ಟಾಪಿನ ಮಂದಗತಿಗೆ ಕಾರಣವನ್ನು ಪತ್ತೆಹಚ್ಚುವ ಬಗೆಯನ್ನು ವಿವರಿಸಿರಿ.
2. ಘಟ್ಟದ ಊರುಗಳಲ್ಲಿ ಮಳೆಗಾಲದಲ್ಲಿ ಲ್ಯಾಪ್‌ಟಾಪನ್ನು ಹೇಗೆ ಕಾಪಾಡಬೇಕು?
3. ‘ಭಾರವನ್ನು ಇಳಿಸುವುದು, ಇಲ್ಲವೆ ಬಲವನ್ನು ಸೇರಿಸುವುದು’ ಈ ಮಾತನ್ನು ಗಣಕಕ್ಕೆ ಅನ್ವಯಿಸಿ ಬರೆಯಿರಿ.

ಇ) ಲೆಕ್ಕ ಮಾಡಿರಿ.
ಒಂದು ಕೆಲಸಕ್ಕೆ 20 ನಿಮಿಷ ಬೇಕು. ಅದರಲ್ಲಿ 15 ನಿಮಿಷ ಸಂಗ್ರಹಕ್ಕಾಗಿ ಕಾಯುವುದರಲ್ಲಿ ಕಳೆಯುತ್ತದೆ. ಸಂಗ್ರಹದ ವೇಗವನ್ನು ಐದು ಪಟ್ಟು ಹೆಚ್ಚಿಸಿದರೆ ಕೆಲಸವು ಎಷ್ಟು ನಿಮಿಷಗಳಲ್ಲಿ ಮುಗಿಯುತ್ತದೆ?